ಕಟ್ಟು ಬಿಚ್ಚುವ ಮೊದಲು: ಹಳೆಯ ಪತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಬಂದಿವೆ: ಹತ್ತೊಂಬತ್ತನೆಯ ಶತಮಾನದಲ್ಲಿ ಊರ ಕೆಲಸಕ್ಕೆ ದುಡಿದವರ ಖಾಸಗಿ ಕಾಗದಪತ್ರ. ಒಬ್ಬ ಓದುಗರು ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ದುಡಿದ ಜಮೀನುದಾರ ಗೆರಿಟ್ ಸ್ಮಿತ್ ಅವರ ಪತ್ರಗಳ ಬಗ್ಗೆ ಕೇಳಿದ್ದಾರೆ, ಉಳಿದವರು ತಮ್ಮ ಮನೆಯ ಟ್ರಂಕಿನ ಬಗ್ಗೆ. ಎರಡಕ್ಕೂ ಕೆಲಸದ ರೀತಿ ಒಂದೇ ಆದ್ದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಇತಿಹಾಸದ ಉಪನ್ಯಾಸಕಿ. ಗೆರಿಟ್ ಸ್ಮಿತ್ ಅವರ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿರುವ ಅವರ ಸಂಗ್ರಹದ ಯಾದಿ ನೋಡಿದರೆ ಬೇರೆಯವರು ಅವರಿಗೆ ಬರೆದ ಪತ್ರಗಳೇ ತುಂಬಿವೆ. ಅವರು ಬರೆದದ್ದು ಎಲ್ಲಿ ಹೋಯಿತು? ಅಮೆರಿಕಕ್ಕೆ ಹೋಗದೆ ಈ ಕೆಲಸ ಸಾಗುತ್ತದೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ಬಹುಪಾಲು ಸಾಗುತ್ತದೆ. ಒಬ್ಬರ ಪತ್ರಸಂಗ್ರಹವೆಂದರೆ ಅವರ ಮನೆಯಲ್ಲಿ ಉಳಿದ ಕಾಗದ. ಮನೆಯಲ್ಲಿ ಉಳಿಯುವುದು ಬಂದ ಪತ್ರ. ಬರೆದ ಪತ್ರ ಟಪಾಲಿನಲ್ಲಿ ಹೋಗಿಬಿಟ್ಟಿರುತ್ತದೆ. ಹಾಗಾಗಿ ಸ್ಮಿತ್ ಬರೆದದ್ದನ್ನು ಅವರು ಯಾರಿಗೆ ಬರೆದರೋ ಅವರ ಸಂಗ್ರಹಗಳಲ್ಲಿ ಹುಡುಕಬೇಕು. ಸಿರಾಕ್ಯೂಸಿನ ಯಾದಿಯಿಂದ ಪದೇ ಪದೇ ಬರೆದವರ ಹೆಸರುಗಳನ್ನು ಎತ್ತಿಕೊಳ್ಳಿ. ಒಂದೊಂದನ್ನೂ ‘ಸ್ನ್ಯಾಕ್’ (SNAC) ಎಂಬ ಜಾಲತಾಣದಲ್ಲಿ ಹಾಕಿ ನೋಡಿದರೆ ಆ ವ್ಯಕ್ತಿಯ ಕಾಗದಗಳು ಯಾವ ಗ್ರಂಥಾಲಯದಲ್ಲಿವೆ ಎಂದು ತೋರಿಸುತ್ತದೆ. ಹೀಗೆ ಎರಡೂ ಕಡೆಯ ಪತ್ರಗಳು ಎದುರುಬದುರಾದಾಗಲೇ ಸಂಭಾಷಣೆ ಕೇಳಿಸುವುದು. ಒಂದೇ ಕಡೆಯ ಪತ್ರ ಓದಿ ತೀರ್ಮಾನಕ್ಕೆ ಬರುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

ಇದಕ್ಕೆ ಒಳ್ಳೆಯ ಉದಾಹರಣೆ ಫ್ರೆಡರಿಕ್ ಡಗ್ಲಸ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ವಾಗ್ಮಿಯಾದ ಡಗ್ಲಸ್ ಅವರ ಕಾಗದಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಸುಮಾರು 7,400 ದಾಖಲೆಗಳಿದ್ದು, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಓದಬಹುದು. ಆದರೆ 1872ರ ಜೂನ್ 2ರಂದು ರಾಚೆಸ್ಟರ್ ಊರಿನ ಅವರ ಮನೆಗೆ ಬೆಂಕಿ ಬಿದ್ದು, ಅವರೇ ನಡೆಸಿದ್ದ ಪತ್ರಿಕೆಗಳ ಸಂಪುಟಗಳೂ ಅನೇಕ ಕಾಗದಗಳೂ ಸುಟ್ಟುಹೋದವು. ಅದಕ್ಕೂ ಹಿಂದಿನ ಡಗ್ಲಸ್ ಅವರನ್ನು ಹುಡುಕುವವರು ಸ್ನೇಹಿತರ ಸಂಗ್ರಹಗಳಿಗೆ ಹೋಗಬೇಕಾಗುತ್ತದೆ. ಅವುಗಳಲ್ಲಿ ಸ್ಮಿತ್ ಅವರದೂ ಒಂದು.

ಸ್ಮಿತ್ (1797–1874) ನ್ಯೂಯಾರ್ಕ್ ರಾಜ್ಯದ ಪೀಟರ್‌ಬರೋ ಎಂಬ ಹಳ್ಳಿಯಲ್ಲಿದ್ದ ಭಾರಿ ಜಮೀನುದಾರರು. 1846ರಲ್ಲಿ ಸುಮಾರು 3,000 ಕಪ್ಪು ಜನರಿಗೆ ಒಟ್ಟು 1,20,000 ಎಕರೆ ಹಂಚುವುದಾಗಿ ಘೋಷಿಸಿದರು. ಆ ರಾಜ್ಯದಲ್ಲಿ 250 ಡಾಲರಿನ ಆಸ್ತಿ ಇಲ್ಲದ ಕಪ್ಪು ಗಂಡಸಿಗೆ ಮತದ ಹಕ್ಕಿರಲಿಲ್ಲ, ಬಿಳಿಯರಿಗೆ ಅಂಥ ಷರತ್ತಿರಲಿಲ್ಲ. ಆ ಕಾಲದ ಜಮೀನಿನ ಪತ್ರಗಳನ್ನು ಓದುವಾಗ ಇದು ತಲೆಯಲ್ಲಿರಲಿ. ಅಲ್ಲಿ ಎಕರೆಯ ಮಾತು ಅಂದರೆ ಮತದ ಮಾತೂ ಹೌದು. ಇನ್ನೊಂದು ಎಚ್ಚರ: ಗುಲಾಮಗಿರಿ ಅಳಿಸಲು ಆಯುಧ ಹಿಡಿದ ಜಾನ್ ಬ್ರೌನ್ 1859ರ ಅಕ್ಟೋಬರಿನಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದಾಗ ಗುಟ್ಟಾಗಿ ಹಣ ಕೊಟ್ಟ ಆರು ಜನರಲ್ಲಿ ಸ್ಮಿತ್ ಒಬ್ಬರು. ದಾಳಿ ಸೋತ ಮೇಲೆ ಅದಕ್ಕೆ ಸಂಬಂಧಿಸಿದ ಪತ್ರಗಳನ್ನು ನಾಶ ಮಾಡಿಸಲಾಯಿತು. ಸಂಗ್ರಹದಲ್ಲಿ ಕಾಗದ ಕಾಣದ ತಿಂಗಳುಗಳನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ಪತ್ರವಿಲ್ಲ ಅಂದಮಾತ್ರಕ್ಕೆ ಬರವಣಿಗೆ ನಡೆದಿರಲಿಲ್ಲ ಎಂದು ಬರೆದುಬಿಡಬೇಡಿ.

ಪ್ರತಿ ತರಿಸುವಾಗ “ಸ್ಮಿತ್ ಅವರ ಬಗ್ಗೆ ಇರುವುದೆಲ್ಲ ಬೇಕು” ಎಂದು ಬರೆದರೆ ಪತ್ರಾಗಾರದವರು ಏನೂ ಮಾಡಲಾರರು. ಸಂಗ್ರಹದ ಹೆಸರು, ಪೆಟ್ಟಿಗೆಯ ಸಂಖ್ಯೆ, ಫೋಲ್ಡರಿನ ಸಂಖ್ಯೆ, ಬರೆದವರ ಹೆಸರು, ತಾರೀಖು, ಈ ಐದನ್ನೂ ಯಾದಿಯಲ್ಲಿ ಇದ್ದಂತೆಯೇ ನಕಲು ಮಾಡಿ ಇಮೇಲ್ ಕಳಿಸಿ. ಮೊದಲ ಸಲ ಒಂದೆರಡು ಫೋಲ್ಡರ್ ಮಾತ್ರ ಕೇಳಿ, ಶುಲ್ಕ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ. ಕೈಬರಹ ಓದುವ ರೂಢಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಬೈ ದ ಪೀಪಲ್’ ಯೋಜನೆ ಇದೆ. 2018ರಿಂದ ಅಲ್ಲಿ ಯಾರು ಬೇಕಾದರೂ ಹಳೆಯ ಪತ್ರಗಳನ್ನು ಓದಿ ಟೈಪ್ ಮಾಡಬಹುದು. ಬೇರೆಯವರು ತಿದ್ದಿದ್ದನ್ನು ನೋಡುತ್ತ ಹೋದರೆ ಕಣ್ಣು ಬೇಗ ಪಳಗುತ್ತದೆ.

ಓದುವಾಗ ಎಡವುವ ಜಾಗಗಳು ಕೆಲವಿವೆ. ‘10ನೇ ಇನ್‌ಸ್ಟ್.’ (inst.) ಎಂದರೆ ಇದೇ ತಿಂಗಳ 10, ‘10ನೇ ಅಲ್ಟ್.’ (ult.) ಎಂದರೆ ಹಿಂದಿನ ತಿಂಗಳ 10. ಬ್ರಿಟಿಷರ ಮುಂಬೈ ಪ್ರಾಂತ್ಯದ ಇಂಗ್ಲಿಷ್ ಪತ್ರಗಳಲ್ಲೂ ಇದೇ ರೂಢಿ. ಬರೀ ಅಂಕೆಯಲ್ಲಿ 5/3 ಎಂದಿದ್ದರೆ ಅಮೆರಿಕದವರಿಗೆ ಮೇ 3, ಧಾರವಾಡದ ಕಲೆಕ್ಟರ್ ಕಚೇರಿಗೆ ಮಾರ್ಚ್ 5. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳ ಹೆಸರನ್ನೇ ಬರೆಯುವುದಿಲ್ಲ, ‘3ನೇ ತಿಂಗಳು’ ಎನ್ನುತ್ತಾರೆ. ಆ ಶತಮಾನದಲ್ಲಿ ಅದು ಮಾರ್ಚ್.

ಪ್ರಶ್ನೆ: ನಮ್ಮ ಮುತ್ಯಾ ಬ್ರಿಟಿಷರ ಕಾಲದಲ್ಲಿ ಪುರಸಭೆಯ ಸದಸ್ಯರಾಗಿದ್ದರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಅರಿವೆಯಲ್ಲಿ ಸುತ್ತಿದ ಹತ್ತಾರು ಕಟ್ಟುಗಳಿವೆ. ಪತ್ರ, ಅರ್ಜಿ, ರಸೀದಿ, ಕಿರ್ದಿ ಎಲ್ಲ ಕಲಸಿಹೋಗಿವೆ. ಎಲ್ಲವನ್ನೂ ಬಿಚ್ಚಿ ತಾರೀಖಿನ ಪ್ರಕಾರ ಜೋಡಿಸಬೇಕೆಂದಿದ್ದೇವೆ. ಸರಿಯೇ? (ಓದುಗರು, ಗದಗ)

ಉತ್ತರ: ದಯವಿಟ್ಟು ಬೇಡ. ನಿಮಗೆ ಕಲಸಿದಂತೆ ಕಾಣುವುದು ಅವರಿಗೆ ವ್ಯವಸ್ಥೆಯಾಗಿತ್ತು. ಕೆರೆ ದುರಸ್ತಿಯ ಒಂದು ಕಟ್ಟಿನಲ್ಲಿ ಓಣಿಯವರ ಅರ್ಜಿ, ಎಂಜಿನಿಯರನ ಅಂದಾಜು, ಗೌಂಡಿಯ ರಸೀದಿ, ಮಾಮಲೇದಾರರ ಪತ್ರ ಒಟ್ಟಿಗಿದ್ದರೆ ಅದು ಒಂದು ಕೆಲಸದ ಪೂರ್ತಿ ಕತೆ. ತಾರೀಖಿನ ಪ್ರಕಾರ ಬಿಡಿಸಿದಿರೋ, ರಸೀದಿ ಯಾವುದಕ್ಕೆ ಕೊಟ್ಟದ್ದೆಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ತಾರೀಖಿನ ಕ್ರಮ ಬೇಕಾದರೆ ಅದನ್ನು ರಿಜಿಸ್ಟರಿನಲ್ಲೋ ಕಂಪ್ಯೂಟರಿನಲ್ಲೋ ಮಾಡಿಕೊಳ್ಳಿ. ಕಾಗದ ಇದ್ದಲ್ಲೇ ಇರಲಿ.

ಕೆಲಸವನ್ನು ಹೀಗೆ ಹಿಡಿಯಿರಿ. ಟ್ರಂಕಿನ ಮುಚ್ಚಳ ತೆಗೆದ ಕೂಡಲೇ, ಏನನ್ನೂ ಮುಟ್ಟದೆ ಮೇಲಿನಿಂದ ಫೋಟೋ ತೆಗೆಯಿರಿ. ಒಂದೊಂದು ಕಟ್ಟು ಹೊರತೆಗೆದಾಗಲೂ ಒಂದೊಂದು ಫೋಟೋ ಇರಲಿ, ಗಂಟು ಮತ್ತು ಅರಿವೆಯ ಮೇಲಿನ ಬರಹ ಕಾಣಬೇಕು. ಕಟ್ಟುಗಳಿಗೆ 1, 2, 3 ಎಂದು ಚೀಟಿ ಇಡಿ. ಒಳಗಿನ ಕಾಗದಗಳಿಗೆ ಮೇಲಿನಿಂದ ಕೆಳಕ್ಕೆ ಇದ್ದ ಕ್ರಮದಲ್ಲೇ 3/1, 3/2 ಎಂದು ಸಂಖ್ಯೆ ಹಾಕಿ. ಹಿಂಬದಿಯ ಕೆಳಗಿನ ಬಲ ಮೂಲೆಯಲ್ಲಿ, ಮೆತ್ತನೆಯ 2ಬಿ ಪೆನ್ಸಿಲಿನಿಂದ, ಗಟ್ಟಿ ಹಲಗೆಯ ಮೇಲಿಟ್ಟು ಹಗುರವಾಗಿ ಬರೆಯಿರಿ. ಬಾಲ್ ಪೆನ್ನು, ಸ್ಟಾಂಪು, ಸ್ಟಿಕರು ಬೇಡ. ಲಕೋಟೆಯೂ ಅದರೊಳಗಿನ ಪತ್ರವೂ ಬೇರೆಯಾಗಬಾರದು, 3/7ಅ, 3/7ಆ ಎಂದು ಜೊತೆಗೇ ಇರಲಿ.

ರಿಜಿಸ್ಟರಿನಲ್ಲಿ ಸಂಖ್ಯೆ, ಪತ್ರದಲ್ಲಿ ಬರೆದಂತೆಯೇ ತಾರೀಖು, ನೀವು ಲೆಕ್ಕ ಹಾಕಿದ ಇಸವಿ, ಯಾರಿಂದ, ಯಾರಿಗೆ, ಎಲ್ಲಿಂದ, ಭಾಷೆ ಮತ್ತು ಲಿಪಿ, ಹಾಳೆ ಎಷ್ಟು, ಒಂದು ಸಾಲಿನ ಸಾರಾಂಶ, ಈಗಿನ ಸ್ಥಿತಿ, ಇಷ್ಟಿರಲಿ. ಬರೆದ ತಾರೀಖು ಮತ್ತು ಲೆಕ್ಕದ ತಾರೀಖಿಗೆ ಬೇರೆ ಬೇರೆ ಅಂಕಣ ಬೇಕೇ ಬೇಕು. ಲೆಕ್ಕ ತಪ್ಪಿದರೆ ಮುಂದೆ ತಿದ್ದಬಹುದು, ಮೂಲವೇ ಇಲ್ಲದಿದ್ದರೆ ತಿದ್ದಲಾಗದು. ಹಾಳೆಯನ್ನು ಉದ್ದಕ್ಕೆ ಮಡಚಿ ಹೊರಮೈಯಲ್ಲಿ ಹೆಸರು, ವಿಷಯ, ಬಂದ ದಿನ ಬರೆದಿಡುವುದು ಆಗಿನ ಕಚೇರಿ ರೂಢಿ. ಹಿಂಬದಿ ಖಾಲಿ ಎಂದು ಬಿಟ್ಟುಬಿಡುವವರು ಈ ಬರಹವನ್ನೇ ಕಳೆದುಕೊಳ್ಳುತ್ತಾರೆ.

ತುಕ್ಕು ಹಿಡಿದ ಟಾಚಣಿ ಎಳೆಯಬೇಡಿ, ಕಾಗದ ಹರಿಯುತ್ತದೆ. ಟಾಚಣಿಯ ಎರಡೂ ಬದಿಗೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡು ತೂರಿಸಿ, ಕಾಗದಕ್ಕೆ ತುಕ್ಕು ಉಜ್ಜದಂತೆ ಮೊಂಡು ಚಾಕುವಿನಿಂದ ನಿಧಾನ ಬಿಡಿಸಿ. ಜಡ್ಡುಗಟ್ಟಿದ ಮಡಿಕೆಯನ್ನು ಬೇಸಿಗೆಯ ಒಣ ದಿನಗಳಲ್ಲಿ ಬಿಡಿಸಿದರೆ ಮಡಿಕೆಯುದ್ದಕ್ಕೂ ಮುರಿಯುತ್ತದೆ. ಹವೆ ಸ್ವಲ್ಪ ತಂಪಿರುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದೇ ಕಾಗದ ಬಾಗುತ್ತದೆ. ಬಿಚ್ಚಿದ ಮೇಲೆ ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಮೇಲೊಂದು ಹಲಗೆ ಹೇರಿ ಒಂದು ದಿನ ಬಿಡಿ. ಪತ್ರಿಕೆಯ ಕತ್ತರಿಕೆಗಳಿದ್ದರೆ ಅವನ್ನು ಬೇರೆ ಲಕೋಟೆಗೆ ಹಾಕಿ, ಇದ್ದ ಜಾಗದಲ್ಲಿ ಚೀಟಿ ಇಡಿ. ಮರದ ತಿರುಳಿನ ಆ ಕಾಗದದ ಆಮ್ಲ ಪಕ್ಕದ ಪತ್ರವನ್ನೂ ಕಂದು ಮಾಡುತ್ತದೆ.

ಹಳೆಯ ಅರಿವೆ ಕೊಳೆತಿದ್ದರೆ ಬೆಂಗೇರಿ ಅಥವಾ ಗರಗದ ಬಣ್ಣ ಹಾಕದ ಖಾದಿ ತನ್ನಿ. ಎರಡು ಮೂರು ಸಲ ಬಿಸಿನೀರಿನಲ್ಲಿ ಒಗೆದು ಗಂಜಿ ಪೂರ್ತಿ ತೆಗೆದು, ಒಣಗಿಸಿಯೇ ಬಳಸಿ. ಗಂಜಿ ಉಳಿದರೆ ಹುಳುವಿಗೆ ಊಟ ಹಾಕಿದಂತೆ. ಬರಹವಿರುವ ಹಳೆಯ ಅರಿವೆಯನ್ನು ಎಸೆಯದೆ ಅದಕ್ಕೂ ಒಂದು ಸಂಖ್ಯೆ ಕೊಡಿ.

ಪ್ರಶ್ನೆ: ತಾರೀಖು ಇಲ್ಲದ ಪತ್ರಗಳ ಕಾಲ ಹೇಗೆ ಗೊತ್ತು ಮಾಡುವುದು? ಕೆಲವದರಲ್ಲಿ ಶಕೆ, ಕೆಲವದರಲ್ಲಿ ಫಸಲಿ, ಇನ್ನು ಕೆಲವದರಲ್ಲಿ ಬರೀ ಸಂವತ್ಸರದ ಹೆಸರಿದೆ. (ಓದುಗರು, ಹಾವೇರಿ)

ಉತ್ತರ: ಶಕೆಗೆ 78 ಕೂಡಿಸಿದರೆ ಯುಗಾದಿಯಿಂದ ಡಿಸೆಂಬರ್‌ವರೆಗಿನ ಇಸವಿ ಸಿಗುತ್ತದೆ. ಜನವರಿಯಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಿ. ಮಾಘ, ಫಾಲ್ಗುಣದ ಪತ್ರಗಳಲ್ಲಿ ಒಂದು ವರ್ಷ ತಪ್ಪುವುದು ಇಲ್ಲಿಯೇ. ನಮ್ಮ ಕಡೆಯ ಫಸಲಿಗೆ, ಅಂದರೆ ಕಂದಾಯದ ಲೆಕ್ಕದ ವರ್ಷಕ್ಕೆ, 590 ಕೂಡಿಸಿ. ಆ ವರ್ಷ ಮೃಗಶಿರಾ ಮಳೆಯ ಸುಮಾರಿಗೆ, ಜೂನ್ ಮೊದಲ ವಾರದಲ್ಲಿ ಶುರುವಾಗುವುದರಿಂದ, ಜನವರಿಯಿಂದ ಜೂನ್ ಆರಂಭದವರೆಗೆ 591. ಪೇಶ್ವೆ ಕಾಲದ ಕಾಗದಗಳಲ್ಲಿ ‘ಸುಹೂರ್ ಸನ್’ ಎಂಬ ಇನ್ನೊಂದು ವರ್ಷಗಣನೆ ಬಂದರೆ 599 ಅಥವಾ 600 ಕೂಡಿಸಬೇಕು. ಅದು ಅರಬ್ಬಿ ಅಂಕೆಪದಗಳಲ್ಲಿ ಇರುತ್ತದೆ, ಫಸಲಿಯೆಂದು ತಿಳಿದರೆ ಒಂಬತ್ತು ವರ್ಷ ಎಡವುತ್ತೀರಿ.

ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದೇ ಸಾಕ್ಷಿ ಸಾಲದು. ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಗಟ್ಟಿ ಕಂಬ ಇಟ್ಟುಕೊಳ್ಳಿ: ಧಾತು ಸಂವತ್ಸರ ಎಂದರೆ ಶಕೆ 1798, ಇಸವಿ 1876–77, ಆ ಜೂನಿನಿಂದ ಫಸಲಿ 1286. ಮುಂದಿನದು ಈಶ್ವರ. ಧಾತು-ಈಶ್ವರದ ಬರ ಎಂದು ಹಿರಿಯರು ಹೇಳುತ್ತಿದ್ದದ್ದು ಈ ಎರಡು ವರ್ಷಗಳ ಬರವನ್ನೇ. ಗಂಜಿಕೇಂದ್ರ, ಪರಿಹಾರ ಕಾಮಗಾರಿ, ಜೋಳದ ದರದ ಮಾತಿರುವ ಪತ್ರ ಸಿಕ್ಕರೆ ಮೊದಲು ಈ ವರ್ಷಗಳಿಗೆ ಹಿಡಿದು ನೋಡಿ.

ತಾರೀಖೇ ಇಲ್ಲದಿದ್ದರೆ ಟಪಾಲು ನೋಡಿ. ದೇಶಕ್ಕೆಲ್ಲ ಒಂದೇ ದರದ ಅರ್ಧಾಣೆ ಅಂಚೆ 1854ರ ಅಕ್ಟೋಬರಿನಿಂದ, ಕಾಲಾಣೆಯ ಪೋಸ್ಟ್‌ಕಾರ್ಡು 1879ರ ಜುಲೈನಿಂದ ಬಂದವು. ಅಂಚೆಚೀಟಿಯ ಮೇಲೆ ‘ಈಸ್ಟ್ ಇಂಡಿಯಾ’ ಹೋಗಿ ಬರೀ ‘ಇಂಡಿಯಾ’ ಆದದ್ದು 1882ರಿಂದ. ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹೆಸರಿದ್ದರೆ ಅದೂ 1882ರ ನಂತರದ್ದೇ. ರಾಣಿಯನ್ನು ಚಕ್ರವರ್ತಿನಿ ಎಂದಿದ್ದರೆ 1877ರ ಜನವರಿಗಿಂತ ಹಿಂದೆ ಹೋಗಬೇಡಿ. ಅಮೆರಿಕದ ಪತ್ರಗಳಿಗೂ ಇದೇ ಬಗೆ: 1845ರ ಜುಲೈಗೆ ಮೊದಲು ಅಲ್ಲಿ ಹಾಳೆಯ ಲೆಕ್ಕದಲ್ಲಿ, 400 ಮೈಲಿ ಮೀರಿದರೆ ಹಾಳೆಗೆ 25 ಸೆಂಟು ಅಂಚೆ. ಲಕೋಟೆಯೂ ಒಂದು ಹಾಳೆಯಾಗಿ ಲೆಕ್ಕಕ್ಕೆ ಬರುತ್ತಿದ್ದರಿಂದ ಪತ್ರವನ್ನೇ ಮಡಚಿ ಅರಗು ಹಾಕಿ ಕಳಿಸುತ್ತಿದ್ದರು. 5 ಮತ್ತು 10 ಸೆಂಟಿನ ಮೊದಲ ಅಂಚೆಚೀಟಿಗಳು 1847ರವು.

ಕಾಗದವನ್ನು ಬೆಳಕಿಗೆ ಹಿಡಿದರೆ ವಿಲಾಯತಿ ಕಾಗದದಲ್ಲಿ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿಯೂ ನೀರ್ಗುರುತಾಗಿ ಕಾಣುತ್ತದೆ. ಅದು ಕಾಗದ ತಯಾರಾದ ವರ್ಷ. ಪತ್ರ ಅದಕ್ಕಿಂತ ಹಿಂದಿನದಾಗಲಾರದು ಎಂದಷ್ಟೇ ಅದರಿಂದ ಹೇಳಬಹುದು.

ಹಾವೇರಿಯವರಿಗೆ ಇನ್ನೊಂದು ಮಾತು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಹಳೆಯ ಸೂಚಿಗಳಲ್ಲಿ ಎಲ್ಲವೂ ಧಾರವಾಡದ ಕೆಳಗೇ ಇವೆ, ಇಂಗ್ಲಿಷಿನಲ್ಲಿ ‘ಧಾರವಾರ್’ ಎಂಬ ಕಾಗುಣಿತದಲ್ಲಿ. ಆಗ ಹಾವೇರಿ ಕರಜಗಿ ತಾಲೂಕಿನ ಕೇಂದ್ರಸ್ಥಳ, ಶಿಗ್ಗಾವಿ ಬಂಕಾಪುರ ತಾಲೂಕಿನದು, ಹಿರೇಕೆರೂರು ಕೋಡ ತಾಲೂಕಿನದು. ಈ ಹೆಸರುಗಳಲ್ಲಿ ಹುಡುಕದಿದ್ದರೆ ಏನೂ ಸಿಗಲಿಲ್ಲವೆಂದು ಬರಿಗೈಲಿ ಬರುತ್ತೀರಿ.

ಪ್ರಶ್ನೆ: ಹರಿದ ಪತ್ರಗಳಿಗೆ ಲ್ಯಾಮಿನೇಶನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುತ್ತವಂತೆ, ನಿಜವೇ? (ಓದುಗರು, ಧಾರವಾಡ)

ಉತ್ತರ: ನಿಜವಲ್ಲ. ಝೆರಾಕ್ಸ್ ಅಂಗಡಿಯ ಲ್ಯಾಮಿನೇಶನ್ ಕಾಗದವನ್ನು ಬಿಸಿ ಅಂಟಿನಲ್ಲಿ ಹುಗಿಯುತ್ತದೆ, ಮರಳಿ ತೆಗೆಯಲು ಬರುವುದಿಲ್ಲ. ಕಾಗದದ ಆಮ್ಲ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಸೆಲ್ಲೋಟೇಪೂ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಈಗಾಗಲೇ ಹಚ್ಚಿದ್ದರೆ ಕೀಳಬೇಡಿ, ಅಕ್ಷರವೂ ಎದ್ದು ಬರುತ್ತದೆ. ಹರಿದ ತುಂಡುಗಳನ್ನು ಜೋಡಿಸಿ ಪಾಲಿಯೆಸ್ಟರ್ ಹಾಳೆಯ ಪಾಕೀಟಿನಲ್ಲಿ ಒಂದು ಬದಿ ತೆರೆದಿಟ್ಟರೆ ಸಾಕು. ವಾಸನೆ ಬರುವ ಮೆತ್ತನೆಯ ಪಿವಿಸಿ ಪಾಕೀಟು ಉಪಯೋಗಕ್ಕೆ ಬಾರದು.

ಪ್ರಶ್ನೆ: ಕೆಲವು ಪತ್ರಗಳಲ್ಲಿ ಅಕ್ಷರ ಇದ್ದಲ್ಲೇ ತೂತು ಬಿದ್ದಿದೆ. ಮಳೆಗಾಲದಲ್ಲಿ ಬೂಷ್ಟೂ ಬರುತ್ತದೆ. ಡಾಂಬರು ಗುಳಿಗೆ ಹಾಕಿದ್ದೇವೆ, ಸಾಕೇ? (ಓದುಗರು, ರಾಣೆಬೆನ್ನೂರು)

ಉತ್ತರ: ತೂತು ಹುಳುವಿನದಲ್ಲ, ಮಸಿಯದು. ಮಾಚಿಕಾಯಿ ಮತ್ತು ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಕುದಿಸಿದ ಮಸಿಯಲ್ಲಿ ಅನ್ನಭೇದಿ ಹೆಚ್ಚಾದರೆ ಆಮ್ಲವೂ ಕಬ್ಬಿಣವೂ ಸೇರಿ ಕಾಗದವನ್ನು ತಿನ್ನುತ್ತವೆ. ಮೊದಲು ಅಕ್ಷರದ ಸುತ್ತ ಕಂದು ನೆರಳು, ಆಮೇಲೆ ಬಿರುಕು, ಕೊನೆಗೆ ತೂತು. ತೇವ ಇದನ್ನು ಬೇಗ ಮಾಡಿಸುತ್ತದೆ. ಕಂದು ನೆರಳು ಕಂಡ ಪತ್ರಕ್ಕೆ ನೀರಿನ ಯಾವ ಉಪಚಾರವನ್ನೂ ಮನೆಯಲ್ಲಿ ಮಾಡಬೇಡಿ, ಮಡಿಕೆ ಬಿಡಿಸಲೆಂದು ಆವಿಯನ್ನೂ ಹಿಡಿಯಬೇಡಿ. ಕಾಡಿಗೆಯ ಮಸಿ ಕಾಗದವನ್ನು ತಿನ್ನುವುದಿಲ್ಲ, ಆದರೆ ಒದ್ದೆ ಬೆರಳು ತಗಲಿದರೆ ಅಳಿಸಿಹೋಗುತ್ತದೆ.

ಹವೆಯ ತೇವಾಂಶ 65 ಶೇಕಡಾ ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. ತೇವ ಅಳೆಯುವ ಸಣ್ಣ ಮಾಪಕ ಒಂದನ್ನು ಕಪಾಟಿನಲ್ಲಿಡಿ. ಕಪಾಟು ಗೋಡೆಯಿಂದ ಗೇಣು ದೂರ, ನೆಲದಿಂದ ಅಷ್ಟೇ ಎತ್ತರ ಇರಲಿ. ಹಂಚಿನ ಕೆಳಗಿನ ಅಟ್ಟ ಕಾಗದಕ್ಕೆ ಅತಿ ಕೆಟ್ಟ ಜಾಗ: ಏಪ್ರಿಲಿನಲ್ಲಿ ಸುಡುತ್ತದೆ, ಜುಲೈನಲ್ಲಿ ಸೋರುತ್ತದೆ. ಬೂಷ್ಟು ಬಂದದ್ದನ್ನು ಬೇರೆ ಮಾಡಿ, ಮುಖಕ್ಕೆ ಮಾಸ್ಕ್ ಹಾಕಿ, ನೆರಳಿನಲ್ಲಿ ಫ್ಯಾನಿನ ಗಾಳಿ ನೇರ ತಾಕದಂತೆ ಒಣಗಿಸಿ. ಪೂರ್ತಿ ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಕುಂಚದಿಂದ ಹೊರಗಡೆ ಝಾಡಿಸಿ. ಹಸಿ ಇರುವಾಗ ಒರೆಸಿದರೆ ಕಲೆ ಕಾಗದದೊಳಗೆ ಹೋಗುತ್ತದೆ.

ಡಾಂಬರು ಗುಳಿಗೆಯ ಆವಿ ನಿಮಗೂ ಒಳ್ಳೆಯದಲ್ಲ, ಬೂಷ್ಟನ್ನಂತೂ ಅದು ತಡೆಯುವುದಿಲ್ಲ. ಹುಳು ಬಿದ್ದ ಕಟ್ಟಿದ್ದರೆ ಎರಡು ಪಾಲಿಥಿನ್ ಚೀಲಗಳಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಹವೆಯ ನೀರು ಕೂಡುತ್ತದೆ. ಗೆದ್ದಲಿಗೆ ಇದು ಮದ್ದಲ್ಲ. ಅದು ಗೋಡೆಯಿಂದ ಬರುತ್ತದೆ, ಗೋಡೆಗೇ ಔಷಧ ಮಾಡಿಸಬೇಕು.

ಪ್ರಶ್ನೆ: ಅರ್ಧ ಕಾಗದ ಮೋಡಿ ಲಿಪಿಯಲ್ಲಿವೆ. ಓದುವವರು ಯಾರು? (ಓದುಗರು, ಬೆಟಗೇರಿ)

ಉತ್ತರ: ಮೋಡಿ ಎಂದರೆ ಹಿಂದಿನವರು ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕೂಡುಬರಹ. ಮೊದಲು ಅದು ಮರಾಠಿ ಮೋಡಿಯೋ ಕನ್ನಡ ಮೋಡಿಯೋ ನೋಡಿ. ಮೇಲೆ ಉದ್ದಕ್ಕೂ ಗೆರೆ ಎಳೆದು ಅದರಿಂದ ಅಕ್ಷರ ಇಳಿಬಿಟ್ಟಿದ್ದರೆ ಮರಾಠಿ. ಎರಡರಲ್ಲೂ ಪದಗಳ ನಡುವೆ ಜಾಗವಿರುವುದಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿ. ಮೂಲ ಒಯ್ಯಬೇಡಿ, ಸ್ಕ್ಯಾನ್ ಒಯ್ಯಿರಿ. ಓದಿಸುವ ಮೊದಲು ಮುತ್ಯಾನ ಕಾಲದ ಮನೆತನದ ಹೆಸರುಗಳು, ಹೊಲಗಳ ಹೆಸರುಗಳು, ಸುತ್ತಲ ಊರುಗಳ ಯಾದಿಯನ್ನು ಅವರ ಕೈಗೆ ಕೊಡಿ. ಮೋಡಿ ಬಲ್ಲವರಿಗೂ ಹೆಸರುಗಳೇ ಕಷ್ಟ.

ಪ್ರಶ್ನೆ: ಇವನ್ನೆಲ್ಲ ಸಂಸ್ಥೆಯೊಂದಕ್ಕೆ ಕೊಡಬೇಕೋ ಮನೆಯಲ್ಲೇ ಇಟ್ಟುಕೊಳ್ಳಬೇಕೋ? ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲ. (ಓದುಗರು, ಹುಬ್ಬಳ್ಳಿ)

ಉತ್ತರ: ಕೊಡಿ ಎನ್ನುವುದು ನಮ್ಮ ಅಭಿಪ್ರಾಯ. ಸ್ಮಿತ್ ಅವರ ಕಾಗದಗಳನ್ನು ಮೊಮ್ಮಗ 1928ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಪೀಟರ್‌ಬರೋದ ಆ ಮನೆ 1936ರಲ್ಲಿ ಸುಟ್ಟುಹೋಯಿತು. ಪಾಲು ಮಾಡಿಕೊಂಡು ಆಳಿಗೊಂದು ಕಟ್ಟು ಒಯ್ಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಕಾಗದದ ಬೆಲೆ ಅದರ ಪಕ್ಕದ ಕಾಗದದಲ್ಲಿದೆ.

ಮನೆಯ ಎಲ್ಲರಿಗೂ ಸ್ಕ್ಯಾನ್ ಪ್ರತಿ ಕೊಟ್ಟರೆ ಜಗಳ ಅರ್ಧ ಇಳಿಯುತ್ತದೆ. ಪತ್ರಗಳಿಗೆ 400 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಬಣ್ಣದಲ್ಲಿ, ಟಿಫ್ (TIFF) ಫೈಲು. ಕಪ್ಪುಬಿಳುಪಿನಲ್ಲಿ ಮಾಡಿದರೆ ಮಾಸಿದ ಮಸಿಯೂ ಕಲೆಯೂ ಒಂದೇ ಆಗಿ ಕಾಣುತ್ತವೆ. ಎ4 ಗಾತ್ರದ ಒಂದು ಪುಟ ಸುಮಾರು 46 ಎಂಬಿ, ಸಾವಿರ ಪುಟಕ್ಕೆ 46 ಜಿಬಿ. ಫೈಲಿನ ಹೆಸರು ರಿಜಿಸ್ಟರಿನ ಸಂಖ್ಯೆಯೇ ಆಗಿರಲಿ, 3/1 ಇದ್ದದ್ದು 3-1 ಎಂದು. ಎರಡು ಹಾರ್ಡ್ ಡಿಸ್ಕು, ಎರಡು ಬೇರೆ ಮನೆಗಳಲ್ಲಿ.

ರಾಜ್ಯ ಪತ್ರಾಗಾರ ಇಲಾಖೆಯನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯನ್ನೂ ಕೇಳಿ ನೋಡಿ. ಕೊಡುವಾಗ ಬಾಯಿಮಾತು ಸಾಲದು, ಒಪ್ಪಂದ ಪತ್ರ ಮಾಡಿಸಿ: ಸಂಗ್ರಹ ಒಟ್ಟಿಗೇ ಇರಬೇಕು, ಮೂಲ ಕಟ್ಟುಗಳ ಕ್ರಮ ಉಳಿಸಬೇಕು, ಓದಲು ಎಲ್ಲರಿಗೂ ಸಿಗಬೇಕು, ಯಾವುದನ್ನಾದರೂ ಬೇಡವೆಂದು ತೆಗೆಯುವುದಾದರೆ ಮನೆತನಕ್ಕೆ ಮೊದಲು ತಿಳಿಸಬೇಕು. ನಿಮ್ಮ ರಿಜಿಸ್ಟರಿನ ಪ್ರತಿಗೆ ಪುಟ ಪುಟಕ್ಕೂ ಅವರ ಸಹಿ, ಮೊಹರು ಹಾಕಿಸಿ. ಮುತ್ಯಾಗೆ ಬಂದ ಪತ್ರದ ಕಾಗದ ನಿಮ್ಮದಾದರೂ ಬರಹದ ಹಕ್ಕು ಬರೆದವರ ವಾರಸುದಾರರದು. ಅಚ್ಚು ಹಾಕಿಸುವ ಅನುಮತಿಯನ್ನು ನೀವು ಎಲ್ಲ ಪತ್ರಗಳಿಗೂ ಕೊಡಲಾರಿರಿ, ಒಪ್ಪಂದದಲ್ಲಿ ಅದನ್ನೂ ಬರೆಸಿ.

ಹುಬ್ಬಳ್ಳಿ ಪುರಸಭೆ 1855ರ ಆಗಸ್ಟಿನಲ್ಲಿ, ಧಾರವಾಡದ್ದು 1856ರ ಜನವರಿಯಲ್ಲಿ ಶುರುವಾದವು. ಅವುಗಳ ಸರ್ಕಾರಿ ಬದಿಯ ಪತ್ರವ್ಯವಹಾರವನ್ನು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು, 1956ರ ತನಕ ನಾವು ಮುಂಬೈ ಆಡಳಿತದಲ್ಲಿದ್ದೆವಲ್ಲ. ನಿಮ್ಮ ಟ್ರಂಕಿನಲ್ಲಿ ಸರ್ಕಾರದಿಂದ ಬಂದ ಪತ್ರವೇನಾದರೂ ಇದ್ದರೆ ಅದರ ನೆತ್ತಿಯ ಮೇಲಿನ ಸಂಖ್ಯೆ, ವಿಭಾಗದ ಹೆಸರು, ತಾರೀಖನ್ನು ರಿಜಿಸ್ಟರಿನಲ್ಲಿ ತಪ್ಪದೆ ಬರೆದುಕೊಳ್ಳಿ. ಅಲ್ಲಿ ಅದರ ಜೋಡಿ ಪತ್ರವನ್ನು ಹುಡುಕುವುದು ಆ ಮೂರರಿಂದಲೇ.